ಪಿ.ಟಿ. ಮೇಷ್ಟ್ರ ನಲವತ್ತು ನಿಮಿಷ

ವ್ಯಾಯಾಮಕ್ಕೆ ಇಳಿದವನಿಗೆ ಬೆವರು ಬರುತ್ತದೋ ಇಲ್ಲವೋ, ನಗೆಪಾಟಲಾಗುವುದಂತೂ ತಪ್ಪುವುದಿಲ್ಲ. ನನ್ನ ವಿಷಯದಲ್ಲಿ ಅದು ವಾರಕ್ಕೊಂದರಂತೆ ಆಗುತ್ತಲೇ ಇದೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟಿ. ನರಸೀಪುರ, ನಂಜನಗೂಡು ಕಡೆಯ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಅಷ್ಟೂ ವರ್ಷ ಹೊಂಗೆಮರದ ನೆರಳಲ್ಲಿ ನಿಂತು ಸೀಟಿ ಊದಿದೆ. ಓಡಿದವರು ಮಕ್ಕಳು. ಈ ಸಣ್ಣ ವ್ಯತ್ಯಾಸವನ್ನು ನನ್ನ ಹೃದಯವೂ ಗಮನಿಸುತ್ತಿತ್ತು ಅಂತ ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ.

ಡಾಕ್ಟರು ನಂಬಲಿಲ್ಲ

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಮೂರನೆಯ ದಿನ ಡಾಕ್ಟರು ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕೂತರು.

"ಇನ್ನೊಂದು ನಾಳದಲ್ಲೂ ಸ್ವಲ್ಪ ಅಡ್ಡಿ ಇದೆ. ದಿನಾ ನಲವತ್ತು ನಿಮಿಷ ಬಿರುಸಾಗಿ ನಡೀರಿ. ಮೂರು ತಿಂಗಳಾದ ಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡ್ತೀನಿ. ಸುಧಾರಿಸಿದ್ರೆ ಮಾತ್ರೇಲೇ ಮುಗಿಸೋಣ. ಇಲ್ದಿದ್ರೆ ಎದೆ ತೆರೆದು ಆಪರೇಷನ್ ಮಾಡ್ಬೇಕಾಗುತ್ತೆ."

ಎದೆ ತೆರೆಯುವುದು ಅನ್ನುವ ಮಾತು ಕೇಳಿ ನಾನು ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದುಕೊಂಡೆ. ಹೆಂಡತಿ ಮಂಚದ ಕಂಬಿ ಹಿಡಿದುಕೊಂಡಳು.

"ಮೊದಲಿಂದ ವ್ಯಾಯಾಮದ ಅಭ್ಯಾಸ ಏನಾದ್ರೂ ಇದ್ಯಾ?" ಅಂತ ಡಾಕ್ಟರು ಕೇಳಿದರು.

"ಇಲ್ಲ ಸಾರ್."

"ಏನು ಕೆಲಸದಲ್ಲಿದ್ರಿ?"

ನಾನು ಛಾವಣಿ ನೋಡಿದೆ. ಹೆಂಡತಿಯೇ ಉತ್ತರ ಹೇಳಿದಳು: "ದೈಹಿಕ ಶಿಕ್ಷಕರಾಗಿದ್ರು ಸಾರ್."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಒಮ್ಮೆ ನನ್ನ ಹೊಟ್ಟೆ ನೋಡಿದರು. ಆಮೇಲೆ ನರ್ಸ್ ಕಡೆ ತಿರುಗಿ, "ಮನೆಯವರಿಗೂ ಸ್ವಲ್ಪ ಬಿ.ಪಿ. ನೋಡಿ, ಪಾಪ ಗಾಬರಿಯಲ್ಲಿದ್ದಾರೆ" ಅಂದರು.

ಕಿವಿಗೆ ಪ್ರವಚನ

ನಡೆಯುವುದು ಕಷ್ಟವಲ್ಲ, ನಲವತ್ತು ನಿಮಿಷ ಕಳೆಯುವುದು ಕಷ್ಟ. ಮೊದಲ ದಿನ ನಂಜನಗೂಡಿನ ನಮ್ಮ ಬೀದಿಯಿಂದ ಹೊರಟು, ಬಹಳ ಹೊತ್ತು ನಡೆದೆ ಅನ್ನಿಸಿದ ಮೇಲೆ ಗಡಿಯಾರ ನೋಡಿದೆ. ನಾಲ್ಕು ನಿಮಿಷ ಆಗಿತ್ತು. ಕೆಟ್ಟಿರಬೇಕು ಅಂತ ಗಡಿಯಾರವನ್ನು ಕಿವಿಗೆ ಹಿಡಿದೆ. ಟಿಕ್ ಟಿಕ್ ಅಂತ ಸರಿಯಾಗಿಯೇ ಹೊಡೆದುಕೊಳ್ಳುತ್ತಿತ್ತು. ನನ್ನ ಡ್ರಿಲ್ ಪೀರಿಯಡ್ಡಿನಲ್ಲಿ ಮಕ್ಕಳು ಯಾಕೆ ಪದೇ ಪದೇ ಗಂಟೆ ಕಡೆ ನೋಡುತ್ತಿದ್ದವು ಅಂತ ಆವತ್ತು ಅರ್ಥವಾಯಿತು.

ನನ್ನ ಬಾಮೈದ ಧರ್ಮಿಷ್ಠ. ಮೊಬೈಲಿನಲ್ಲಿ ಪ್ರವಚನಗಳನ್ನು ತುಂಬಿಸಿ, ಇಯರ್‌ಫೋನ್ ಕೊಟ್ಟು, "ಭಾವ, ಇದನ್ನ ಕೇಳ್ತಾ ನಡೀರಿ. ಹೊತ್ತು ಹೋಗಿದ್ದೇ ಗೊತ್ತಾಗಲ್ಲ" ಅಂದ.

ಪ್ರವಚನಕಾರರದು ತಂಪಾದ ದನಿ. ಒಂದೊಂದು ಮಾತಿಗೂ ಅರ್ಧ ನಿಮಿಷ ಬಿಡುವು ಕೊಡುತ್ತಿದ್ದರು. ನನ್ನ ಹೆಜ್ಜೆಯೂ ಅವರ ಲಯಕ್ಕೆ ಇಳಿಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರು, "ಈ ದೇಹ ಇವತ್ತಿದೆ, ನಾಳೆ ಇಲ್ಲ. ಅದಕ್ಕಾಗಿ ಎಷ್ಟು ಓಡಾಡುತ್ತೀಯೆ? ಎಲ್ಲಿಗೆ ಓಡುತ್ತೀಯೆ? ಒಂದು ಕಡೆ ಕುಳಿತುಕೋ. ಕಣ್ಣು ಮುಚ್ಚು" ಅಂದರು.

ದಾರಿಯಲ್ಲಿ ಒಂದು ಮೋರಿಕಟ್ಟೆ ಸಿಕ್ಕಿತು. ಕುಳಿತೆ. ಕಣ್ಣು ಮುಚ್ಚಿದೆ. ಮುಕ್ಕಾಲು ಗಂಟೆ ಆದ ಮೇಲೆ ಹೂವಿನವಳು ಭುಜ ತಟ್ಟಿ ಎಬ್ಬಿಸಿದಳು.

ಸಂಜೆ ಬಾಮೈದ ಫೋನ್ ಮಾಡಿ, "ಎಲ್ಲಿವರೆಗೆ ಹೋದ್ರಿ ಭಾವ?" ಅಂತ ಕೇಳಿದ.

"ವೈರಾಗ್ಯದವರೆಗೆ" ಅಂದೆ.

ನಾಲೆ ಏರಿಯ ಮೇಲೆ

ಊರೊಳಗೆ ಬೇಡ, ಹಸಿರು ನೋಡಿಕೊಂಡು ನಡೆದರೆ ಬೇಸರವಾಗುವುದಿಲ್ಲ ಅಂತ ಯಾರೋ ಹೇಳಿದರು. ಹುಲ್ಲಹಳ್ಳಿ ಕಡೆಯ ನಾಲೆ ಏರಿ ಹಿಡಿದೆ. ಎರಡೂ ಕಡೆ ಗದ್ದೆ, ತುಂಬಿ ಹರಿಯುವ ನಾಲೆ. ಬಹಳ ಸೊಗಸಾಗಿತ್ತು. ಹಿಂದಿನಿಂದ ಹಾಲಿನ ಕ್ಯಾನ್ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಬರುತ್ತಿದ್ದ ರೈತನೊಬ್ಬ ನನ್ನ ಪಕ್ಕ ನಿಲ್ಲಿಸಿದ.

"ಯಾಕ್ ಸಾ, ಬಸ್ ತಪ್ಪೋಯ್ತಾ? ಅತ್ಕಳಿ."

"ಇಲ್ಲಪ್ಪ, ಸುಮ್ನೆ ನಡೀತಾ ಇದೀನಿ."

"ಎಲ್ಗೋಗ್ಬೇಕು?"

"ಎಲ್ಲಿಗೂ ಇಲ್ಲ. ಹೀಗೇ ಸ್ವಲ್ಪ ದೂರ."

ಅವನು ಗಾಡಿ ಆಫ್ ಮಾಡಿದ. ನನ್ನ ಮುಖ ನೋಡಿದ, ನಾಲೆ ನೀರು ನೋಡಿದ, ಮತ್ತೆ ನನ್ನ ಮುಖ ನೋಡಿದ.

"ಮನೇಲಿ ಏನಾರ ಮಾತ್ಗೀತ್ ಬಂತಾ ಸಾ?"

ನಾನು ಹಾರ್ಟು, ಸ್ಟೆಂಟು, ಡಾಕ್ಟರು ಅಂತ ಎಲ್ಲ ವಿವರಿಸಿದೆ. ಅವನು ತಲೆ ಆಡಿಸಿದ, ನಂಬಲಿಲ್ಲ. ಮೊಪೆಡ್ ತಿರುಗಿಸಿ ತಳ್ಳಿಕೊಂಡು, ನಾಲೆಗೂ ನನಗೂ ಮಧ್ಯೆ ಅವನೇ ಇರುವ ಹಾಗೆ ನೋಡಿಕೊಂಡು, ನನ್ನ ಜೊತೆ ಊರಿನ ಕಡೆ ನಡೆಯುತ್ತ ಬಂದ. ದಾರಿಯುದ್ದಕ್ಕೂ ಸಮಾಧಾನ ಹೇಳಿದ.

"ಕಷ್ಟ ಎಲ್ರಿಗೂ ಇರ್ತದೆ ಕಣ್ ಸಾ. ವಾದ್ ತಿಂಗ್ಳು ನನ್ ಎಮ್ಮೆ ಸತ್ತೋಯ್ತು. ಅಂಗಂತ ನಾನೇನಾರ ನಾಲೆ ತಾವ್ ಬಂದ್ನಾ?"

ಆವತ್ತು ಐವತ್ತು ನಿಮಿಷ ನಡೆದದ್ದು ನನಗೆ ಗೊತ್ತೇ ಆಗಲಿಲ್ಲ. ಮನೆ ಬಾಗಿಲಲ್ಲಿ ಹೆಂಡತಿ ಅವನಿಗೆ ಕಾಫಿ ಕೊಟ್ಟಳು. ಲೋಟ ಹಿಂದಕ್ಕೆ ಕೊಡುವಾಗ ಅವನು ತಗ್ಗಿದ ದನಿಯಲ್ಲಿ, "ಇವತ್ತೊಂದಿನ ಒಬ್ರುನ್ನೇ ಬುಡ್ಬ್ಯಾಡಿ ಕಣಕ್ಕಾ. ಬಾಯ್ಗೆ ಏನ್ ಕೇಳ್ತರೋ ಅದ್ನ ಮಾಡ್ಕೊಡಿ" ಅಂದ.

ಹೆಂಡತಿ ಅವನ ಮಾತಿನಲ್ಲಿ ಅರ್ಧ ನಡೆಸಿಕೊಟ್ಟಳು. ಆ ದಿನವೆಲ್ಲ ನನ್ನನ್ನು ಒಬ್ಬನೇ ಬಿಡಲಿಲ್ಲ. ಊಟಕ್ಕೆ ಮಾತ್ರ ಅದೇ ಉಪ್ಪಿಲ್ಲದ ಸೊಪ್ಪಿನ ಸಾರು.

ಹಳೆಯ ಶಿಷ್ಯ

ಟಿ. ನರಸೀಪುರದಲ್ಲಿ ನನ್ನ ತಂಗಿಯ ಮನೆ. ಅಲ್ಲಿಗೆ ಹೋಗಿದ್ದಾಗ ಮಾರ್ಕೆಟ್ ಹತ್ತಿರ ದಪ್ಪ ತೋಳಿನ ಒಬ್ಬ ಕಾಲಿಗೆ ಬಿದ್ದ. ನನ್ನ ಹಳೆಯ ವಿದ್ಯಾರ್ಥಿ. ದಿನಾ ತಡವಾಗಿ ಬಂದು ದಿನಾ ಐದು ರೌಂಡ್ ಓಡುತ್ತಿದ್ದವನು. ಈಗ ಒಂದು ಜಿಮ್ ಇಟ್ಟಿದ್ದಾನೆ.

"ನೀವ್ ಓಡ್ಸಿದ್ದಕ್ಕೇ ಸಾ ನಾನ್ ಇವತ್ತು ಇಂಗಿರೋದು. ಬನ್ನಿ, ನಮ್ ಟ್ರೆಡ್‌ಮಿಲ್ಲಲ್ಲಿ ನಡೀರಿ, ಟೀವಿ ನೋಡ್ಕೊಂಡು. ಬೇಜಾರೇ ಆಗಲ್ಲ."

ಟೀವಿ ಇದ್ದದ್ದು ನಿಜ. ಆದರೆ ಅದರಲ್ಲಿ ಅಡುಗೆ ಕಾರ್ಯಕ್ರಮ ಬರುತ್ತಿತ್ತು. ಒಬ್ಬ ಹೆಂಗಸು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಸ್ಟೆಂಟ್ ಹಾಕಿಸಿಕೊಂಡ ನಾನು ಆ ಬಜ್ಜಿಯ ಕಡೆಗೆ ಇಪ್ಪತ್ತೈದು ನಿಮಿಷ ನಡೆದೆ. ಅದು ಅಲ್ಲೇ ಇತ್ತು, ನಾನೂ ಇಲ್ಲೇ ಇದ್ದೆ.

ನನಗೆ ಸಾಕಾಯಿತು. "ನಿಲ್ಲಿಸಪ್ಪ" ಅಂದೆ. ಅವನು ಕೊರಳಿನ ಸೀಟಿ ಬಾಯಿಗಿಟ್ಟು ಒಮ್ಮೆ ಊದಿದ. "ಇನ್ನೈದು ನಿಮ್ಸ ಸಾ, ಮಂಡಿ ಎತ್ತಿ!"

"ಲೋ, ಸುಸ್ತಾಯ್ತು ಕಣೋ!"

"ನಾನೂ ಇಂಗೇ ಅಂತಿದ್ದೆ ಸಾ" ಅಂದ ಅವನು ಬಹಳ ವಿನಯದಿಂದ. "ನೀವ್ ಯಾವತ್ತಾರ ನಿಲ್ಸಿದ್ರಾ?"

ಬಲಗಡೆ, ಎಡಗಡೆ

ನಂಜನಗೂಡಿಗೆ ವಾಪಸು ಬಂದು ಕಾಲೇಜು ಮೈದಾನಕ್ಕೆ ಹೋಗತೊಡಗಿದೆ. ಅಲ್ಲಿ ಬೆಳಿಗ್ಗೆ ನಡೆಯುವವರೆಲ್ಲ ದೇವಸ್ಥಾನ ಸುತ್ತುವ ಹಾಗೆ ಮೈದಾನವನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತಾರೆ. ಯಾರೂ ಹೇಳಿಕೊಟ್ಟಿಲ್ಲ, ಕಾಲಿಗೇ ಅಭ್ಯಾಸ. ನನಗೆ ಮಾತ್ರ ಅದು ಸರಿಬರಲಿಲ್ಲ. ಟ್ರ್ಯಾಕ್ ಅಂದಮೇಲೆ ಎಡಕ್ಕಿಟ್ಟುಕೊಂಡೇ ಓಡಬೇಕು, ಇದು ಜಗತ್ತಿನ ನಿಯಮ. ಮಕ್ಕಳನ್ನು ಆಡಿಸಿದ್ದಲ್ಲದೆ ನಾನು ಎಂದೂ ಆಡದ ಆಟದ ನಿಯಮವನ್ನು ಈ ವಯಸ್ಸಿನಲ್ಲಿ ಮುರಿಯಲು ಮನಸ್ಸು ಬರಲಿಲ್ಲ. ಇಡೀ ಊರಿಗೆ ಎದುರಾಗಿ ಹೊರಟೆ.

ಮೊದಲು ಎದುರಿಗೆ ಸಿಕ್ಕವರು ನಿವೃತ್ತ ಸಂಸ್ಕೃತದ ಮೇಡಂ. ಎಪ್ಪತ್ತು ದಾಟಿದವರು, ಅರ್ಚಕರ ಮನೆತನ. ನೂಲಿನ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ನನ್ನನ್ನು ಅಡ್ಡಗಟ್ಟಿ, "ಅಪ್ರದಕ್ಷಿಣೆ ಬರ್ತಿದೀರಲ್ಲ ಮೇಷ್ಟ್ರೇ" ಅಂದರು.

"ಮಧ್ಯದಲ್ಲಿ ದೇವರಿಲ್ಲ ಮೇಡಂ. ಕ್ರಿಕೆಟ್ ಪಿಚ್ ಇದೆ."

"ಅದು ಸರಿ. ಆದ್ರೆ ಎಡಕ್ಕಿಟ್ಕೊಂಡು ಸುತ್ತೋದು ಎಲ್ಲಿ, ಯಾವಾಗ ಅಂತ ಗೊತ್ತಲ್ಲ? ಹಾರ್ಟ್ ಪೇಷೆಂಟ್ ಬೇರೆ ನೀವು."

ಕಾಶೀಯಾತ್ರೆ

ನಾನು ಬದಲಾಗಲಿಲ್ಲ, ಅವರೂ ಬದಲಾಗಲಿಲ್ಲ. ಹಾಗಾಗಿ ಒಂದು ಸುತ್ತಿಗೆ ಎರಡು ಸಲ ಎದುರಾಗುತ್ತಿದ್ದೆವು. ಮೂರನೆಯ ದಿನ ನಾನು ಗಡಿಯಾರ ನೋಡುತ್ತ, ನಿಟ್ಟುಸಿರು ಬಿಡುತ್ತ ಬರುವಾಗ ಮೇಡಂ ನಡೆಯುತ್ತಲೇ ಅಂದರು: "ನಮ್ಮಕ್ಕನ ಮದುವೆ ದಿನ ಗಂಡು ಕಳೆದುಹೋದ ಕಥೆ ನಿಮಗೆ ಹೇಳಿಲ್ಲ ಅಲ್ವಾ?"

ಅಷ್ಟರಲ್ಲಿ ದಾಟಿ ಹೋದರು. ನಾನು ತಿರುಗಿ ನೋಡಿದೆ. ಅವರು ನಿಲ್ಲಲಿಲ್ಲ. ಅರ್ಧ ಸುತ್ತು ಕಾಯಬೇಕಾಯಿತು.

"ಟಿ. ನರಸೀಪುರದ ಛತ್ರ. ಗಂಡು ಕೊಡೆ ಹಿಡಿದು, ಕೋಲು ಹಿಡಿದು, ಕಾಶೀಯಾತ್ರೆಗೆ ಹೊರಟ." ದಾಟಿದರು.

ನಮ್ಮ ಕಡೆ ಮದುವೆಗಳಲ್ಲಿ ಅದೊಂದು ಶಾಸ್ತ್ರ. ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಅಂತ ಗಂಡು ನಾಲ್ಕು ಹೆಜ್ಜೆ ಹಾಕಬೇಕು. ಹೆಣ್ಣಿನ ತಂದೆ ಬಂದು, ಮಗಳನ್ನು ಕೊಡುತ್ತೇನೆ ಬಾರಪ್ಪ ಅಂತ ಕರೆತರಬೇಕು.

"ನಮ್ಮಪ್ಪ ಅಡುಗೆಮನೇಲಿ ಹುಳಿಗೆ ಉಪ್ಪು ಹೆಚ್ಚಾಯ್ತು ಅಂತ ಜಗಳದಲ್ಲಿದ್ರು. ಕರೆಯೋರೇ ಇಲ್ಲ." ದಾಟಿದರು.

"ಕರೀದೆ ವಾಪಸ್ ಬರೋದು ಹೇಗೆ? ಮರ್ಯಾದೆ ಪ್ರಶ್ನೆ. ಗಂಡು ನಡೆದೇಬಿಟ್ಟ."

ನನಗೆ ಆಗ ಒಂದು ಲೆಕ್ಕ ಹೊಳೆಯಿತು. ಎದುರುಬದುರು ನಡೆಯುವವರು ನಾವು. ನಾನು ಬೇಗ ನಡೆದಷ್ಟೂ ಮೇಡಂ ಬೇಗ ಸಿಗುತ್ತಾರೆ, ಕಥೆ ಬೇಗ ಬರುತ್ತದೆ. ಮುಂದಿನ ಅರ್ಧ ಸುತ್ತನ್ನು ಹೆಚ್ಚು ಕಡಿಮೆ ಓಡಿದೆ. ನಿಂತು ಕೇಳುವ ಹಾಗಿರಲಿಲ್ಲ. ಒಮ್ಮೆ ನಿಂತಾಗ, "ನಿಂತ್ರೆ ಹೇಳಲ್ಲ" ಅಂತ ಕಡ್ಡಿ ಮುರಿದ ಹಾಗೆ ಅಂದಿದ್ದರು.

ಗಂಡು ಸೋಸಲೆ ಮುಟ್ಟಿದ. ಅಲ್ಲಿ ಯಾರೋ ಮಜ್ಜಿಗೆ ಕೊಟ್ಟರು. ಮೇಡಂ ಅವರ ತಂದೆ ಸೈಕಲ್ಲಿನಲ್ಲಿ ಬೆನ್ನಟ್ಟಿ ಅವನನ್ನು ಹಿಡಿದರು. ಆದರೆ ಶಾಸ್ತ್ರದ ಪ್ರಕಾರ ಬಗ್ಗಿ ಕಾಲು ಹಿಡಿಯಬೇಕಲ್ಲ, ಸೈಕಲ್ ತುಳಿದು ಅವರ ಸೊಂಟ ಹಿಡಿದುಕೊಂಡಿತ್ತು. ಬಗ್ಗಲಾಗಲಿಲ್ಲ. ಗಂಡು ಮುಂದೆ ಹೊರಟ. ಬನ್ನೂರಿನಲ್ಲಿ ಕೊಡೆ ಕಳೆಯಿತು. ಎರಡನೆಯ ತಿಂಗಳಿಗೆ ಅವನು ಮಂಡ್ಯ ದಾಟಿದ. ಅಷ್ಟರಲ್ಲಿ ನಾಲ್ವರು ಮುದುಕರು ಕಥೆ ಕೇಳಲು ಪ್ರದಕ್ಷಿಣೆ ಬಿಟ್ಟು ನನ್ನ ಹಿಂದೆ ಎಡಕ್ಕೆ ಸುತ್ತತೊಡಗಿದ್ದರು. ಮನೆಗೆ ಬಂದ ಕೂಡಲೇ ಹೆಂಡತಿ, "ಮಾತ್ರೆ ತಗೊಳ್ಳಿ, ಗಂಡು ಎಲ್ಲಿಗೆ ಬಂದ?" ಅಂತ ಒಂದೇ ಉಸಿರಿನಲ್ಲಿ ಕೇಳುತ್ತಿದ್ದಳು.

ಮೂರು ತಿಂಗಳು ತುಂಬಿತು. ಪರೀಕ್ಷೆಯ ದಿನ ಮೈಗೆಲ್ಲ ವೈರು ಅಂಟಿಸಿ ನನ್ನನ್ನು ಟ್ರೆಡ್‌ಮಿಲ್ ಹತ್ತಿಸಿದರು. ಹೆಂಡತಿ ಹೊರಗೆ ಕೂತಿದ್ದಳು. ವೇಗ ಏರಿತು. "ಸಾಕು ಅನ್ಸಿದ್ರೆ ಹೇಳಿ ಸಾರ್" ಅಂದಳು ಟೆಕ್ನಿಷಿಯನ್ ಹುಡುಗಿ. ಹಿಂದಿನ ದಿನ ಗಂಡು ತುಮಕೂರು ದಾಟಿ, ಚಪ್ಪಲಿ ಕಿತ್ತು, ಒಂದು ಕವಲುದಾರಿಯಲ್ಲಿ ನಿಂತಿದ್ದ. ಎಡಕ್ಕೆ ಹೋದನೋ ಬಲಕ್ಕೋ ಅಂತ ಯೋಚಿಸುತ್ತ ನಾನು ನಡೆದೆ. ಕೊನೆಗೆ ಆ ಹುಡುಗಿಯೇ ನಿಲ್ಲಿಸಿದಳು.

ಡಾಕ್ಟರು ಕಾಗದ ನೋಡಿದರು, ತಿರುವಿ ಇನ್ನೊಮ್ಮೆ ನೋಡಿದರು. "ಆಪರೇಷನ್ ಬೇಡ. ಮಾತ್ರೇಲೇ ಇರೋಣ."

ಹೆಂಡತಿ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಏನ್ ಮಾಡಿದ್ರಿ ಹೇಳಿ. ನನ್ನ ಪೇಷೆಂಟ್‌ಗಳು ವಾರಕ್ಕೇ ಬಿಟ್ಬಿಡ್ತಾರೆ" ಅಂದರು ಡಾಕ್ಟರು. ಹೇಳಿದೆ. ಹೊರಗೆ ಸಾಲು ಕಾಯುತ್ತಿತ್ತು, ಅವರು ಗಲ್ಲಕ್ಕೆ ಕೈ ಕೊಟ್ಟು ಕೇಳಿದರು.

"ಆಮೇಲೆ?"

"ಮುಂದಕ್ಕೆ ಇನ್ನೂ ಹೇಳಿಲ್ಲ ಸಾರ್."

"ಆರು ತಿಂಗಳು ಬಿಟ್ಟು ಬನ್ನಿ" ಅಂದರು. "ಬರುವಾಗ ಇ.ಸಿ.ಜಿ., ಹಳೇ ರಿಪೋರ್ಟು, ಆ ಗಂಡಿನ ಸಮಾಚಾರ, ಮೂರನ್ನೂ ಮರೀದೆ ತನ್ನಿ."

ಅಕ್ಕ

ಮರುದಿನ ಮೈದಾನದಲ್ಲಿ ಮೇಡಂ ಎದುರಾದಾಗ ದೂರದಿಂದಲೇ ಕೂಗಿದೆ: "ಮೇಡಂ, ಪಾಸು! ಆಪರೇಷನ್ ಬೇಡವಂತೆ!"

ಅವರು ನಿಂತರು. ಕಥೆ ಶುರುವಾದ ಮೇಲೆ ಅವರು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಒಳ್ಳೇದಾಯ್ತು ಮೇಷ್ಟ್ರೇ" ಅಂದು, ಕನ್ನಡಕ ತೆಗೆದು ಸೆರಗಿಗೆ ಒರೆಸಿದರು.

"ಇನ್ನು ನೆಮ್ಮದಿಯಾಗಿ ಕೂತು ಪೂರ್ತಿ ಹೇಳ್ಬಿಡಿ" ಅಂದೆ. ನಾಲ್ವರು ಮುದುಕರೂ ಸುತ್ತ ಸೇರಿದರು. "ನಿಮ್ಮಕ್ಕನ ಮದುವೆ ಆಯ್ತೋ ಇಲ್ವೋ?"

ಮೇಡಂ ಮುಖ ಕೆಂಪಾಯಿತು. "ನನಗೆ ಅಕ್ಕನೇ ಇಲ್ಲ ಮೇಷ್ಟ್ರೇ."

ನಾಲ್ವರು ಮುದುಕರೂ ಒಂದು ಹೆಜ್ಜೆ ಹತ್ತಿರ ಬಂದರು.

"ಇರೋದು ಇಬ್ಬರು ತಮ್ಮಂದಿರು. ಆವತ್ತು ನೀವು ಎದೆ ಮೇಲೆ ಕೈ ಇಟ್ಕೊಂಡು, ಗಡಿಯಾರ ನೋಡ್ತಾ ಬರ್ತಿದ್ರಿ. ನಾಳೆಯಿಂದ ಈತ ಬರಲ್ಲ ಅನ್ನಿಸ್ತು. ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಆಮೇಲೆ ನಿಲ್ಸೋಕ್ಕಾಗಲಿಲ್ಲ."

ಎರಡು ತಿಂಗಳಿಗೂ ಹೆಚ್ಚು ಕಾಲ, ಒಂದು ದಿನವೂ ತಪ್ಪದೆ, ನನಗಾಗಿ ಕಥೆ ಕಟ್ಟಿದ್ದರು ಆಕೆ. ನಾನು ಕೈ ಮುಗಿದೆ. ಹಿಂದಿದ್ದ ಮುದುಕರೊಬ್ಬರಿಗೆ ಮಾತ್ರ ತಡೆಯಲಾಗಲಿಲ್ಲ.

"ಅಲ್ಲಾ ಕಣಮ್ಮಾ, ಅಕ್ಕ ಇಲ್ದಿದ್ರೆ ಬೇಡ. ಆ ಗಂಡಿನ ಗತಿ ಏನು?"

"ನನಗೇನು ಗೊತ್ತು?" ಅಂದರು ಮೇಡಂ, ಕನ್ನಡಕ ಏರಿಸಿಕೊಂಡು, ಆಗಲೇ ಹೆಜ್ಜೆ ಹಾಕುತ್ತ. "ನಿಂತ್ರೆ ನನಗೆ ಒಂದೂ ಹೊಳೆಯಲ್ಲ. ನಡೀರಿ, ನಡೀರಿ. ಪಾಪ, ಅವನೊಬ್ಬನೇ ಹೋಗ್ತಾ ಇದಾನೆ."