‘ರೀ’ಗೆ ಅಧಿಕೃತ ಅನುವಾದ

ಇಬ್ಬರು ಗಂಡ ಹೆಂಡತಿ ಎಂದು ಊರಿಗೆ ಸಾಬೀತುಮಾಡುವುದು ಬಹಳ ಸುಲಭ. ಬೀದಿಯಲ್ಲಿ ನಾಲ್ಕಾರು ಮಾರು ಅಂತರ ಬಿಟ್ಟು, ಒಬ್ಬರ ಮುಖ ಒಬ್ಬರು ನೋಡದೆ ನಡೆದರೆ ಸಾಕು. ಯಾರೂ ಪ್ರಮಾಣಪತ್ರ ಕೇಳುವುದಿಲ್ಲ. ಸಮುದ್ರದಾಚೆಯ ಒಂದು ಸರ್ಕಾರಕ್ಕೆ ಅದನ್ನೇ ಸಾಬೀತುಮಾಡಲು ಹೊರಟಾಗ ಮಾತ್ರ, ಮದುವೆಯಾಗಿ ಹನ್ನೆರಡು ವರ್ಷ ಕಳೆದ ನನಗೆ ನನ್ನ ಮದುವೆಯ ಮೇಲೆಯೇ ಸಣ್ಣ ಅನುಮಾನ ಹುಟ್ಟಿತು. ಆ ದೇಶದ ಹೆಸರು ಹೇಳುವುದಿಲ್ಲ. ಅವರ ಮನಸ್ಸು ನೋಯಿಸುವಷ್ಟು ಧೈರ್ಯ ನನಗಿಲ್ಲ.

ನನ್ನ ಹೆಂಡತಿ ಶೈಲಜಾ ಫಿಸಿಯೋಥೆರಪಿಸ್ಟ್. ಕೀಲ್ಪಾಕಿನ ಒಂದು ಕ್ಲಿನಿಕ್ಕಿನಲ್ಲಿ ವರ್ಷಾನುಗಟ್ಟಲೆ ಮದರಾಸಿನ ಮೊಣಕಾಲುಗಳನ್ನು ಮಡಿಸಿ ಬಿಡಿಸಿ, ಕೊನೆಗೆ ಆ ದೇಶದ ಮೊಣಕಾಲುಗಳಿಗೂ ತಾನು ಬೇಕಾಗಿದ್ದೇನೆಂದು ತಿಳಿದು ಹೊರಟಳು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವನು. ನನ್ನ ಅಗತ್ಯ ಈವರೆಗೆ ಯಾವ ದೇಶಕ್ಕೂ ಬಿದ್ದಿಲ್ಲ. ಅವಳ ಗಂಡ ಎಂಬ ಒಂದೇ ಅರ್ಹತೆಯ ಮೇಲೆ ನಾನು ಹಿಂದಿನಿಂದ ಹೋಗಬೇಕು, ಇಬ್ಬರೂ ಅಲ್ಲೇ ನೆಲೆಸಬೇಕು ಎಂಬುದು ನಮ್ಮ ಲೆಕ್ಕಾಚಾರ. ಅವಳು ಹೋದ ಮೇಲೆ ವೇಲಚೇರಿಯ ನಮ್ಮ ಫ್ಲಾಟಿನಲ್ಲಿ ಮಾತಾಡುವುದು ಬಚ್ಚಲ ಬಾಗಿಲು ಒಂದೇ. ಅದು ಗಾಳಿಗೆ ‘ರೀ…’ ಎನ್ನುತ್ತದೆ. ಎಷ್ಟೋ ಸಂಜೆ ‘ಬಂದೆ’ ಎಂದು ಎದ್ದು ಹೋಗಿ, ಬಕೆಟ್ಟಿನ ಮುಂದೆ ನಿಂತು ವಾಪಸು ಬಂದಿದ್ದೇನೆ. ತಿರುಗಣಿಗೆ ಎರಡು ತೊಟ್ಟು ಎಣ್ಣೆ ಬಿಟ್ಟರೆ ಸರಿಹೋಗುತ್ತದೆ. ಬಿಟ್ಟಿಲ್ಲ.

ಅರ್ಜಿಯ ಕೆಲಸಕ್ಕೆ ಹಿಡಿದದ್ದು ನಿವೇದಿತಾ ಎಂಬ ಸಲಹೆಗಾರ್ತಿಯನ್ನು. ನನ್ನ ವಿದ್ಯಾರ್ಥಿನಿಯರ ವಯಸ್ಸಿನ ತಮಿಳು ಹುಡುಗಿ. ಮದುವೆಯ ನೋಂದಣಿ ಪತ್ರ ಸಾಲದು, ನಮ್ಮದು ‘ನಿಜವಾದ ಸಂಬಂಧ’ ಎಂಬುದಕ್ಕೆ ಆಧಾರ ಬೇಕು ಅಂದಳು. ಆಧಾರವಿಲ್ಲದೆ ಏನನ್ನೂ ನಂಬಬೇಡಿ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವವನು ನಾನು. ಹುರುಪಿನಿಂದಲೇ ಹುಡುಕಲು ಕುಳಿತೆ. ಮದುವೆಯ ಆಲ್ಬಮ್ಮಿನಲ್ಲಿ ನಾವಿಬ್ಬರೂ ಒಂದೇ ಸಮನೆ ಪುರೋಹಿತರನ್ನು ನೋಡುತ್ತಿದ್ದೇವೆ. ತಿರುಪತಿಯ ಫೋಟೋದಲ್ಲಿ ನಮ್ಮಿಬ್ಬರ ನಡುವೆ ಬೋಳುತಲೆಯ ಅಪರಿಚಿತರೊಬ್ಬರು ನಿಂತಿದ್ದಾರೆ. ಅವರ ಮುಖದ ಮೇಲಿರುವ ಪ್ರೀತಿ ನನ್ನ ಮುಖದ ಮೇಲಿಲ್ಲ.

ದಿನಚರಿ ಬರೆಯುವ ಅಭ್ಯಾಸ ನನಗಿದೆ, ಅದಾದರೂ ಕೈಹಿಡಿಯಬಹುದು ಎಂದುಕೊಂಡೆ. ತೆರೆದು ನೋಡಿದರೆ ಅವಳ ಹೆಸರೇ ಇಲ್ಲ. ನಮ್ಮ ತಂದೆ ಬಂಧುಗಳಿಗೆ ಹೇಳುತ್ತಿದ್ದ ರೀತಿಯಲ್ಲೇ ನಾನೂ ‘ಮನೆಯಲ್ಲಿ’ ಎಂದೇ ಬರೆದಿದ್ದೇನೆ. ‘ಮನೆಯಲ್ಲಿ ಜ್ವರ.’ ‘ಮನೆಯಲ್ಲಿ ಇವತ್ತು ಮುನಿಸು.’ ಇದನ್ನು ಓದುವ ಪರದೇಶದ ಅಧಿಕಾರಿ ನನ್ನ ಹೆಂಡತಿಯನ್ನು ಬಿಟ್ಟು ಕಟ್ಟಡದ ಬಗ್ಗೆಯೇ ಮರುಕಪಟ್ಟಾನು.

ಇನ್ನು ಉಳಿದದ್ದು ಮೊದಲ ಭೇಟಿಯ ವಿವರಣೆ. ಇಬ್ಬರೂ ಬೇರೆ ಬೇರೆಯಾಗಿ ಬರೆದು ಕೊಡಬೇಕಿತ್ತು. ಹೆಣ್ಣು ನೋಡಲು ಹೋದಾಗ ಅವಳು ಹಸಿರು ಸೀರೆ ಉಟ್ಟಿದ್ದಳು, ಕೇಸರಿಬಾತು ತಂದಿಟ್ಟಳು ಎಂದು ನಾನು ಬರೆದೆ. ‘ನಾನು ಚೂಡಿದಾರ್ ಹಾಕಿದ್ದೆ, ಬರೀ ಕಾಫಿ ಕೊಟ್ಟೆವು, ಅದನ್ನೂ ಅವರು ಚೆಲ್ಲಿಕೊಂಡರು’ ಎಂದು ಅವಳು ಅಲ್ಲಿಂದ ಕಳಿಸಿದಳು. ನಿವೇದಿತಾ ಎರಡನ್ನೂ ಪಕ್ಕಪಕ್ಕ ಇಟ್ಟು, “ಎನ್ನ ಸಾರ್ ಇದು! ನೀವು ಬೇರೆ ಯಾರನ್ನೋ ನೋಡ್ಕೊಂಡು ಬಂದಿದ್ದೀರಾ?” ಎಂದು ತಮಿಳಿನಲ್ಲಿ ಕೇಳಿದಳು. ನೆನಪನ್ನು ನಂಬುವವನಲ್ಲ ನಾನು. ಸ್ವಂತದ್ದನ್ನಂತೂ ಮೊದಲೇ ಇಲ್ಲ. ಆದರೂ ಇಷ್ಟು ವರ್ಷ ತಲೆಯೊಳಗೆ ಜೋಪಾನವಾಗಿದ್ದ ಆ ಹಸಿರು ಸೀರೆಯನ್ನು ಮಡಿಸಿಟ್ಟು ‘ಚೂಡಿದಾರ್’ ಎಂದು ತಿದ್ದುವಾಗ ಯಾರನ್ನೋ ಕಳೆದುಕೊಂಡಂತಾಯಿತು. ಕಾಫಿ ಚೆಲ್ಲಿದ್ದನ್ನೂ ಒಪ್ಪಿಕೊಂಡೆ.

ಕೊನೆಗೆ ಫೋನಿನ ಸಂದೇಶಗಳು. “ಒಂದು ಹಾರ್ಟ್ ಕೂಡ ಇಲ್ಲವಲ್ಲ ಸಾರ್,” ಎಂದು ನಿವೇದಿತಾ ಮರುಗಿದಳು. ಇದ್ದದ್ದು ಹಾಲು, ನೀರು, ಮೋಟರು, ಮಳೆ. ಆದರೆ ರಾಶಿರಾಶಿ ಇದ್ದವು. ಅವೇ ಇರಲಿ, ಅಧಿಕೃತವಾಗಿ ಇಂಗ್ಲಿಷಿಗೆ ಅನುವಾದ ಮಾಡಿಸಿ ಎಂದಳು.

ಮದರಾಸಿನಲ್ಲಿ ಕನ್ನಡದ ಅನುವಾದಕರು ಸುಲಭಕ್ಕೆ ಸಿಕ್ಕುವುದಿಲ್ಲ. ಪೆರಂಬೂರಿನಲ್ಲಿ ಶ್ರೀನಿವಾಸಾಚಾರ್ ಎಂಬುವರು ಸಿಕ್ಕರು. ಅವರದು ಮೂರು ತಲೆಮಾರಿನಿಂದ ಇಲ್ಲೇ ನೆಲೆಸಿದ ಮನೆತನ. ಆಚಾರ್ಯರು ರೈಲ್ವೆಯಲ್ಲಿದ್ದು ನಿವೃತ್ತರಾದವರು, ಮೊಹರು ಇಟ್ಟುಕೊಂಡವರು. “ಕವಲೆ ಬೇಡ, ಒಂದು ಅಕ್ಷರ ಆಚೆ ಈಚೆ ಆಗದು,” ಎಂದು ತಮಿಳು ಬೆರೆತ ಕನ್ನಡದಲ್ಲಿ ಧೈರ್ಯ ಹೇಳಿದರು. ಆಗಲಿಲ್ಲ. ಶೈಲಜಾಳ ಪ್ರತಿ ಸಂದೇಶವೂ ‘ರೀ’ ಎಂದು ಶುರುವಾಗುತ್ತದೆ. ಆಚಾರ್ಯರು ಅಷ್ಟನ್ನೂ ‘ಸರ್’ ಮಾಡಿದ್ದರು. ನನ್ನ ಉತ್ತರವೆಲ್ಲ ‘ಹೂಂ’. ಅದನ್ನು ‘ಅಫರ್ಮೆಟಿವ್’ ಮಾಡಿದ್ದರು. ‘ಸರ್, ಹಾಲು.’ ‘ಅಫರ್ಮೆಟಿವ್.’ ‘ಸರ್, ನೀರಿನ ಲಾರಿ ಬಂದಿತೇ?’ ‘ಅಫರ್ಮೆಟಿವ್.’ ‘ಸರ್, ಮಳೆ ಜೋರಾಗಿದೆ, ನೀರು ನುಗ್ಗದಂತೆ ವಾಹನವನ್ನು ಮೇಲ್ಸೇತುವೆಯ ಮೇಲೆ ಬಿಟ್ಟಿರೇ?’ ‘ಅಫರ್ಮೆಟಿವ್.’

ನಾನು ಓದಿ ನೋಡಿದೆನೋ ಇಲ್ಲವೋ ನೆನಪಿಲ್ಲ. ಓದಿ ಚೆನ್ನಾಗಿದೆ ಎಂದುಕೊಂಡಿರುವ ಸಾಧ್ಯತೆಯೂ ಇದೆ.

ಸ್ವಲ್ಪ ಕಾಲದ ಮೇಲೆ ಆ ದೇಶದ ಕಚೇರಿಯಿಂದ ಬಹಳ ಸಭ್ಯವಾದ ಒಂದು ಪತ್ರ ಬಂತು. ಸಂದೇಶಗಳನ್ನು ನೋಡಿದರೆ ಇದು ಉದ್ಯೋಗದಾತ ಮತ್ತು ಮನೆಕೆಲಸದವರ ನಡುವಿನ ವ್ಯವಹಾರದಂತೆ ತೋರುತ್ತದೆ. ವಿವರಣೆ ಕೊಡಿ, ಅಧಿಕಾರಿಯೊಬ್ಬರು ಫೋನಿನಲ್ಲೂ ಮಾತಾಡುತ್ತಾರೆ, ತೃಪ್ತಿಯಾಗದಿದ್ದರೆ ಅರ್ಜಿ ತಿರಸ್ಕೃತ. ನಾನು ಪೆರಂಬೂರಿಗೆ ಓಡಿದೆ. ಆಚಾರ್ಯರು ಶಾಂತವಾಗಿ, “ರೀ ಅಂದ್ರೆ ಮರ್ಯಾದೆ ತಾನೇ? ಇಂಗ್ಲಿಷ್ ಮರ್ಯಾದೆಗೆ ಸರ್ ಬಿಟ್ಟು ಇನ್ನೇನಪ್ಪ ಇದೆ? ಬೇಕಾದ್ರೆ ಮಾಸ್ಟರ್ ಅಂತ ಮಾಡಿ ಕೊಡ್ತೀನಿ,” ಅಂದರು. ಕೈಮುಗಿದು ಎದ್ದು ಬಂದೆ.

ಶೈಲಜಾಳಿಗೆ ಫೋನಿನಲ್ಲಿ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. “ಕರೆಕ್ಟಾಗಿ ಕಂಡುಹಿಡಿದಿದ್ದಾರೆ ಬಿಡಿ. ಹನ್ನೆರಡು ವರ್ಷದ್ದು ಸಂಬಳ ಬಾಕಿ ಇದೆ ಸಾರ್, ಯಾವಾಗ ಕೊಡ್ತೀರಿ?” ನಾನೂ ನಕ್ಕೆ. ಅಲ್ಲಿ ಏನೋ ಯಂತ್ರ ಗುಂಯ್‌ಗುಡುತ್ತಿತ್ತು. “ಇಲ್ಲಿ ಎಲ್ಲರೂ ನನ್ನ ಹೆಸರು ಹಿಡಿದೇ ಕರೀತಾರೆ. ರೂಮಿಗೆ ಬಂದ್ರೆ ರೀ ಅನ್ನೋಕೆ ಯಾರೂ ಇಲ್ಲ,” ಅಂದಳು. ಆಮೇಲೆ, “ಬರೋಕೆ ಆಗತ್ತೆ ತಾನೇ, ರೀ?”

ಆ ‘ರೀ’ಯನ್ನು ಯಾವ ಆಚಾರ್ಯರು ಅನುವಾದಿಸುತ್ತಾರೆ? ವಿವರಣೆ ಬರೆಯಲು ಕುಳಿತೆ. ‘ಇದು ಹೆಸರಲ್ಲ, ಬಿರುದಲ್ಲ, ಕ್ರಿಯಾಪದ ಕಳಚಿಬಿದ್ದ ಮೇಲೆ ಉಳಿದ ಬಹುವಚನ’ ಎಂದು ಬರೆದು ಹೊಡೆದುಹಾಕಿದೆ. ಚಿಕ್ಕದಾಗಿ ಅಂದರೆ ಹಾಲು ಮುಗಿದಿದೆ ಎಂದು ಅರ್ಥ, ಉದ್ದಕ್ಕೆ ಎಳೆದರೆ ತಪ್ಪು ನನ್ನದೆಂದು ಅರ್ಥ, ಏನೂ ಹೇಳದೆ ಬರೀ ಅಷ್ಟೇ ಅಂದು ಬಿಟ್ಟರೆ ಪಕ್ಕದಲ್ಲಿ ಬಂದು ಕೂರಿ ಎಂದು ಅರ್ಥ ಎಂದು ಬರೆದೆ. ಅದು ಅರ್ಜಿಯ ಭಾಷೆಯಲ್ಲ ಎಂದು ನಿವೇದಿತಾ ಹೊಡೆದುಹಾಕಿದಳು. ‘ರೀ ಎಂದರೆ ಗಂಡ’ ಎಂದು ಒಂದು ಸಾಲು ಹೋಯಿತು.

ಅಧಿಕಾರಿಣಿಯ ಫೋನು ಬಂದಾಗ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದೆ, ಕಾಣಿಸುವುದಿಲ್ಲ ಎಂದು ಗೊತ್ತಿದ್ದೂ. ಮದುವೆ, ಕಾಲೇಜು, ಚೆಲ್ಲಿದ ಕಾಫಿ ಎಲ್ಲ ಸರಾಗವಾಗಿ ಹೋಯಿತು. “ನಿಮ್ಮ ಹೆಂಡತಿ ನಿಮ್ಮನ್ನು ಹೇಗೆ ಕರೆಯುತ್ತಾರೆ?” “ರೀ.” ಆಕೆ ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು. “ನೀವು ಆಕೆಯನ್ನು?”

ಇದಕ್ಕೆ ತಯಾರಾಗಿರಲಿಲ್ಲ. ಯೋಚಿಸಿದೆ. ಅವಳ ಹೆಸರು ಹಿಡಿದು ಕರೆದ ಒಂದೇ ಒಂದು ಸಂದರ್ಭ ಹೊಳೆಯಲಿಲ್ಲ. ಗಾಬರಿಯಲ್ಲಿ ನನ್ನ ಇಂಗ್ಲಿಷೆಲ್ಲ ಕೈಬಿಟ್ಟು ಹೋಗಿ, ಕನ್ನಡದ ಎಲುಬಿಗೆ ಇಂಗ್ಲಿಷಿನ ಚರ್ಮ ಹೊದಿಸಿ ಹೇಳಿಬಿಟ್ಟೆ: “ಐ ಡೋಂಟ್ ಕಾಲ್, ಮೇಡಂ. ಶೀ ಕಮ್ಸ್ ಓನ್ಲಿ.” ನಾನು ಕರೆಯುವುದೇ ಇಲ್ಲ, ಅವಳೇ ಬರುತ್ತಾಳೆ.

ಆ ಕಡೆ ಕೀಲಿಮಣೆಯ ಸದ್ದು ನಿಂತಿತು. ಎಲ್ಲ ಮುಗಿಯಿತು ಎಂದುಕೊಂಡೆ. ಆಕೆ, “ಈ ಸಲ ನೀವು ಬರಬೇಕಾಗಿದೆ, ಅಲ್ಲವೇ?” ಅಂದರು. ನಾನು “ಹೂಂ” ಅಂದೆ. ಆಚಾರ್ಯರ ಅನುವಾದ ಓದಿದ್ದ ಆಕೆಗೆ ಅದರ ಅರ್ಥ ಗೊತ್ತಿತ್ತು.

ವೀಸಾ ಬಂತು. ಸುದ್ದಿ ಹೇಳಲು ಫೋನು ಮಾಡಿದಾಗ ಶೈಲಜಾ, “ಇಷ್ಟು ಪಾಡೆಲ್ಲ ನಿಮ್ಮಿಂದಲೇ ಆಗಿದ್ದು. ಒಂದು ಸಲ ಹೆಸರು ಹಿಡಿದು ಕರೀರಿ ನೋಡೋಣ, ಬಂದ ಮೇಲೆ ಇಲ್ಲಿಯವರ ಮುಂದೆ ಮಾನ ಹೋಗಬಾರದು,” ಎಂದು ಹಟ ಹಿಡಿದಳು. ಬಚ್ಚಲ ಬಾಗಿಲು ಮುಂದೆ ಮಾಡಿ, ಗಂಟಲು ಸರಿಮಾಡಿಕೊಂಡು ಕರೆದೆ. ಅಂದಿನ ದಿನಚರಿಯಲ್ಲಿ ‘ಮೊದಲ ಸಲ ಶೈಲಜಾ ಎಂದು ಕರೆದೆ’ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. “ಸುಳ್ಳು. ‘ಏಯ್, ಕೇಳಿಸ್ತಾ?’ ಅಂದ್ರಿ. ಕೇಳಿಸ್ತು ರೀ ಅಂದೆ, ಅಷ್ಟೇ ನಡೆದದ್ದು,” ಅನ್ನುತ್ತಾಳೆ ಅವಳು. ಯಾವುದು ನಿಜವೋ ತಿಳಿಯದು. ಆದರೆ ಮುಂದೆ ಯಾವ ಅಧಿಕಾರಿ ಕೇಳಿದರೂ ಇಬ್ಬರೂ ನನ್ನದನ್ನೇ ಹೇಳುವುದೆಂದು ಒಪ್ಪಂದವಾಗಿದೆ. ಅದಕ್ಕೆ ಬದಲಾಗಿ ನಾನು ಹಸಿರು ಸೀರೆಯ ಮಾತು ಇನ್ನೆಂದೂ ಎತ್ತಬಾರದಂತೆ.