ಗುಡ್ಡಕ್ಕೆ ಬಂದ ಆಳು, ಗದ್ದೆಗೆ ಹೋದ ಆಫೀಸು

ಸ್ವಯಂಸೇವಕರ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ ದಿನದಿಂದ ಒಂದು ಭಾನುವಾರವೂ ನೆಟ್ಟಗೆ ಕಳೆದಿಲ್ಲ. ಬೇರೆ ಇಲಾಖೆಯ ಗೆಳತಿಯರು, "ನಿಂಗೇನವ್ವ, ಮರದ ನೆರಳಾಗೆ ಕೆಲಸ" ಅಂತಾರೆ. ನನ್ನ ಪಾಲಿಗೆ ಬಂದ ಗುಡ್ಡದಲ್ಲಿ ಒಬ್ಬರು ಕೂರುವಷ್ಟು ನೆರಳೂ ಇಲ್ಲ.

ದಾವಣಗೆರೆಯಿಂದ ಹದಡಿ ಕಡೆ ಹೋಗುವಾಗ ಸಿಗುವ ಕುರುಚಲು ಗುಡ್ಡ ಅದು, ನಮ್ಮ ಅರಣ್ಯ ಇಲಾಖೆಯ ಜಾಗ. ಹೋದ ಬೇಸಿಗೆಯಲ್ಲಿ ಬೆಂಕಿ ಬಿದ್ದು ನಾನೇ ನಿಂತು ನೆಡಿಸಿದ್ದ ಸಸಿಗಳೆಲ್ಲ ಸುಟ್ಟುಹೋದವು. ಆವತ್ತು ನಾನು ಜೀಪಿನಲ್ಲಿ ಕೂತು ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಮಳೆಗಾಲದಲ್ಲಿ ಮತ್ತೆ ನೆಟ್ಟೆವು. ಈ ಸಲ ಅವು ಉಳಿಯಬೇಕಾದರೆ ಗುಡ್ಡದ ಸುತ್ತ ಫೈರ್ ಲೈನ್ ಆಗಬೇಕು. ಅಂದರೆ ಒಣಹುಲ್ಲು ಹೆರೆದು, ಬರೀ ಮಣ್ಣು ಕಾಣುವಂತೆ ಮಾಡಿದ ಅಗಲವಾದ ಪಟ್ಟಿ; ಬೆಂಕಿ ಅಲ್ಲಿಗೆ ಬಂದು ನಿಲ್ಲುತ್ತದೆ. ಇಷ್ಟು ದೊಡ್ಡ ಗುಡ್ಡಕ್ಕೆ ಇರುವವನು ಒಬ್ಬನೇ ವಾಚರ್. ಅದಕ್ಕೇ ಊರಿನ ಜನರನ್ನು ಸೇರಿಸೋಣ ಅಂತ ಮೀಟಿಂಗಿನಲ್ಲಿ ನಾನೇ ಬಾಯಿಬಿಟ್ಟೆ.

ದೊಡ್ಡ ಸಾಹೇಬರು ಕನ್ನಡಕದ ಮೇಲಿಂದ ನೋಡಿ ಹೇಳಿದರು. "ಆಯ್ತು. ಜನವರಿ ಕೊನೆಗೆ ನಾನೇ ಬಂದು ನೋಡ್ತೀನಿ. ಲೈನ್ ಆಗಿರಲಿಲ್ಲ ಅಂದ್ರೆ ನಿಮ್ಮ ಸ್ವಯಂಸೇವಕರ ಕಾರ್ಯಕ್ರಮ ಅಲ್ಲಿಗೇ ಬಂದ್. ಗುಡ್ಡಕ್ಕೆ ಗೇಟು, ಗೇಟಿಗೆ ಬೀಗ."

ಆವತ್ತಿಂದ ಕ್ಯಾಲೆಂಡರಿನಲ್ಲಿ ಭಾನುವಾರ ಎಣಿಸುವುದೇ ನನ್ನ ಕೆಲಸವಾಯಿತು.

ಬ್ಯಾನರಿನ ಮಾತು

ಮೊದಲ ಭಾನುವಾರ ಪಿ.ಜೆ. ಬಡಾವಣೆಯ ವಾಕಿಂಗ್ ಬಳಗದವರು ನಲವತ್ತು ಜನ ಬಂದರು. ನಲವತ್ತು ಜನರನ್ನು ನೋಡಿ ನನಗೆ ಜೀವ ಬಂತು. ಕುಡುಗೋಲು, ಸಲಿಕೆ ಸಾಲಾಗಿ ಜೋಡಿಸಿಟ್ಟಿದ್ದೆ. ಅವರು ಮೊದಲು ಬ್ಯಾನರ್ ಬಿಚ್ಚಿದರು. ಅದರಲ್ಲಿ 'ಸಸಿ ನೆಡುವ ಕಾರ್ಯಕ್ರಮ' ಅಂತ ಇತ್ತು.

"ಇವತ್ತು ಹುಲ್ಲು ಹೆರೆಯೋದು ಸರ್, ಡಿಸೆಂಬರ್‌ನಾಗೆ ಯಾರೂ ಸಸಿ ನೆಡಲ್ಲ" ಅಂದೆ.

"ಗೊತ್ತೈತೆ ಮೇಡಂ. ಆದ್ರೆ ಅಂಗಡಿಯೋನತ್ರ ಹುಲ್ಲು ಹೆರೆಯೋ ಡಿಸೈನ್ ಇರಲಿಲ್ಲ" ಅಂದರು ಬಳಗದ ಅಧ್ಯಕ್ಷರು. "ಬ್ಯಾನರ್ ಹಾಕಿದ ಮ್ಯಾಲೆ ಒಂದಾದ್ರೂ ನೆಡಬೇಕಲ್ರಿ."

ವಾಚರ್ ತನ್ನ ಗುಡಿಸಲ ಪಕ್ಕದಿಂದ ಒಂದು ಬೇವಿನ ಸಸಿ ತಂದ. ಅಧ್ಯಕ್ಷರು ನೆಟ್ಟರು, ಫೋಟೊ ಆಯಿತು. ಕಾರ್ಯದರ್ಶಿಗಳಿಗೂ ನೆಡಬೇಕೆನಿಸಿತು. ಸಸಿ ಕಿತ್ತು ಅವರ ಕೈಗೆ ಕೊಟ್ಟದ್ದಾಯಿತು. ಆಮೇಲೆ ಖಜಾಂಚಿ, ಆಮೇಲೆ ಉಳಿದವರು, ಆಮೇಲೆ ದಂಪತಿ ಸಮೇತ. ಹೊತ್ತು ಏರುತ್ತಾ ಹೋಯಿತು, ಕುಡುಗೋಲು ಮುಟ್ಟಿದವರಿಲ್ಲ. ನಾನು ಹಲ್ಲು ಕಚ್ಚಿಕೊಂಡು ನಗುತ್ತಾ ನಿಂತಿದ್ದೆ, ಯಾಕೆಂದರೆ ಎಲ್ಲ ಫೋಟೊದಲ್ಲೂ ನಾನೂ ಇರಬೇಕಂತೆ.

ಅವರು ಹೋದ ಮೇಲೆ ವಾಚರ್ ಆ ಸಸಿಯನ್ನು ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತ. ಒಂದು ಎಲೆಯೂ ಉಳಿದಿರಲಿಲ್ಲ. "ಮೇಡಂ, ಇವತ್ತು ಒಟ್ಟು ಎಷ್ಟು ಸಸಿ ನೆಟ್ವಿ ಅಂತ ಬರೀಲಿ? ನಲವತ್ತಾ, ಇಲ್ಲ ಇದ್ದದ್ರಾಗೆ ಒಂದು ಕಮ್ಮಿ ಆತು ಅಂತ ಬರೀಲಾ?"

ಹರಿಹರದ ಮುಷ್ಕರ

ಮುಂದಿನ ವಾರ ಹರಿಹರದಿಂದ ಎಂಟು ಜನ ನಿವೃತ್ತರು ಬಂದರು. ಎಲ್ಲರೂ ಒಂದೇ ಕಾರ್ಖಾನೆಯಲ್ಲಿ ಮೆಷಿನ್ ನಡೆಸಿದವರು. ಬಂದವರೇ ಸೀಟಿ ಊದಿ ಕೆಲಸ ಶುರು ಮಾಡಿದರು. ದಾರ ಹಿಡಿದು ಎಳೆದಂತೆ ನೇರವಾದ ಲೈನು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಮೂರನೇ ವಾರ ಅವರು ಕುಡುಗೋಲು ಕೆಳಗಿಟ್ಟು ಸಾಲಾಗಿ ಕೂತಿದ್ದರು. ಕೈಯಲ್ಲಿ ಟೈಪ್ ಮಾಡಿದ ಮನವಿ. ನಾನು ಕೊಡಿಸುತ್ತಿದ್ದ ಮಂಡಕ್ಕಿ-ಮೆಣಸಿನಕಾಯಿ ಹನ್ನೊಂದಕ್ಕೆ ಬರುತ್ತಿದೆ, ಅದು ಹತ್ತಕ್ಕೆ ಬರಬೇಕು, ಮೆಣಸಿನಕಾಯಿ ಬಿಸಿ ಇರಬೇಕು. ಅಲ್ಲಿಯವರೆಗೆ ಕೆಲಸ ಬಂದ್.

ನನಗೆ ನೆತ್ತಿಗೇರಿತು. ಜನವರಿ ಹತ್ತಿರ ಬರುತ್ತಿತ್ತು, ಮುಕ್ಕಾಲು ಗುಡ್ಡ ಹಾಗೇ ಬಿದ್ದಿತ್ತು. "ಅಲ್ರೀ, ಸಂಬಳನೇ ಇಲ್ಲದ ಕೆಲಸಕ್ಕೆ ಮುಷ್ಕರ ಮಾಡ್ತೀರಲ್ಲ, ಏನು ಹೇಳ್ಲಿ ನಿಮಗೆ?"

ಅವರ ಮುಖಂಡರು, ತಲೆಯೆಲ್ಲ ಬೆಳ್ಳಗಾದ ಸಮಾಧಾನದ ಮನುಷ್ಯ, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ರಿಟೈರ್ ಆಗಿ ಮನೇಲಿ ಕುಂತು ಎಷ್ಟೋ ವರ್ಷ ಆತು. ಏನಾದ್ರೂ ಬಂದ್ ಮಾಡಬೇಕು ಅಂದ್ರೂ ಬಂದ್ ಮಾಡಾಕ ಕೆಲಸ ಇರಲಿಲ್ಲ."

ಹೊಗೆ

ಒಪ್ಪಂದಕ್ಕೆ ಸಹಿ ಹಾಕಿದೆ. ಹತ್ತು ಗಂಟೆ, ಬಿಸಿ. ವ್ಯವಸ್ಥೆ ನಾವೇ ಮಾಡ್ಕೋತೀವಿ ಅಂದರು, ಒಳ್ಳೇದೇ ಆಯಿತು ಅಂದುಕೊಂಡೆ.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಗುಡ್ಡದ ಕಡೆ ಬರುತ್ತಿದ್ದೆ. ದೂರದಿಂದಲೇ ಹೊಗೆ ಕಂಡಿತು. ಗಾಡಿ ನಿಲ್ಲಿಸಿ ಸ್ವಯಂಸೇವಕರ ವಾಟ್ಸಾಪ್ ಗುಂಪಿಗೆ, 'ಗುಡ್ಡದಲ್ಲಿ ಹೊಗೆ, ಎಲ್ಲರೂ ಕೂಡಲೇ ಬನ್ನಿ' ಅಂತ ಹಾಕಿದೆ. ಪಿ.ಜೆ. ಬಡಾವಣೆಯ ಅಧ್ಯಕ್ಷರಿಂದ ಉತ್ತರ ಬಂತು: ಗುಲಾಬಿ ಹೂವು, ಶುಭೋದಯ. ಅದರ ಕೆಳಗೆ ಹನ್ನೆರಡು ಜನ ಕೈ ಮುಗಿದಿದ್ದರು.

ಏದುಸಿರು ಬಿಡುತ್ತಾ ಹತ್ತಿದೆ. ದಾರಿಯುದ್ದಕ್ಕೂ ಮೊಣಕಾಲೆತ್ತರದ ಸಸಿಗಳು. ಇವುಗಳನ್ನೂ ಕಳಕೊಂಡೆ ಅಂದುಕೊಂಡೆ. ಮೇಲೆ ಹೋಗಿ ನೋಡಿದರೆ ಮೂರು ಕಲ್ಲಿನ ಒಲೆ, ಅದರ ಮೇಲೆ ಬಾಣಲೆ. ಹರಿಹರದ ಮುಖಂಡರು ಮೆಣಸಿನಕಾಯಿಯನ್ನು ಕಡ್ಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದರು.

ನಾನು ಕೂಗಾಡಿದ್ದು ಹದಡಿಗೂ ಕೇಳಿರಬೇಕು. ಎಲ್ಲ ಮುಗಿಯುವ ತನಕ ಅವರು ಜಾಲರಿ ಸೌಟು ಹಿಡಿದು ವಿನಯದಿಂದ ನಿಂತಿದ್ದರು. ಆಮೇಲೆ ನೆಲ ತೋರಿಸಿದರು. "ಫೈರ್ ಲೈನ್ ಮ್ಯಾಲೇ ಒಲೆ ಹೂಡೀವಿ ಮೇಡಂ. ಬ್ಯಾರೆ ಕಡೆ ಹಚ್ಚಿದ್ರೆ ಗುಡ್ಡಕ್ಕೆ ಬೆಂಕಿ ಬೀಳಂಗಿಲ್ವಾ?"

ಹನ್ನೆರಡು ಆಳು

ಜನವರಿ ಬಂತು. ಹರಿಹರದವರ ಮಂಡಿ ಕೈಕೊಟ್ಟಿತು, ಪಿ.ಜೆ. ಬಡಾವಣೆಯವರು ಫೋಟೊಕ್ಕೆ ಲೈಕ್ ಎಣಿಸುತ್ತಿದ್ದರು. ಸಾಹೇಬರು ಬರಲು ಎರಡೇ ವಾರ. ಬೇರೆ ದಾರಿ ಕಾಣದೆ ಹದಡಿಗೆ ಹೋದೆ. ಅಲ್ಲಿ ಭತ್ತ ನೆಡುವ ಹೆಂಗಸರ ಗುಂಪಿಗೆ ಹಿರಿಯಳಾದ ಒಬ್ಬ ಅಜ್ಜಿ ಇದ್ದಾಳೆ. ಕಟ್ಟೆ ಮೇಲೆ ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. "ಕೂಲಿ ಕೊಡಾಕಾಗಲ್ಲ ಅಜ್ಜಿ. ಆ ಸಸಿ ಸುಟ್ರೆ ನಾನು ತಡಕೊಳ್ಳಲ್ಲ."

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದಳು. "ನಿಮ್ಮ ಆಫೀಸ್ನಾಗೆ ಎಷ್ಟು ಮಂದಿ ಇದ್ದೀರಿ?"

"ಹನ್ನೆರಡು" ಅಂದೆ.

"ಎಲ್ಲಾರೂ ಗಟ್ಟಿ ಇದ್ದಾರಾ?"

"ಇದ್ದಾರೆ" ಅಂದೆ, ಯಾಕೆ ಕೇಳುತ್ತಾಳೆಂದು ತಿಳಿಯದೆ.

"ಹಂಗಾರೆ ಹನ್ನೆರಡು ಆಳು ಬರ್ತೀವಿ, ಒಂದಿನ."

ಬಂದರು. ಹೊತ್ತು ಹುಟ್ಟುವಾಗ ಬಗ್ಗಿದವರು ಮುಳುಗುವಾಗ ಎದ್ದರು. ನಾವು ಒಂದು ತಿಂಗಳಿಂದ ಒದ್ದಾಡಿದ್ದನ್ನು ಒಂದೇ ದಿನಕ್ಕೆ ಮುಗಿಸಿದರು. ನಾನು ಆಫೀಸಿಗೆ ಬಂದು 'ಗ್ರಾಮಸ್ಥರ ನಿಸ್ವಾರ್ಥ ಸೇವೆ' ಅಂತ ಎರಡು ಪುಟ ವರದಿ ಬರೆದು ಸಾಹೇಬರಿಗೆ ಕಳಿಸಿದೆ.

ಸಾಹೇಬರು ಬರುವ ದಿನ ಬೆಳಿಗ್ಗೆ ಎಲ್ಲರೂ ಇಸ್ತ್ರಿ ಸಮವಸ್ತ್ರದಲ್ಲಿ ಕಾಯುತ್ತಿದ್ದೆವು. ಟ್ರ್ಯಾಕ್ಟರ್ ಬಂದು ನಿಂತಿತು. ಅಜ್ಜಿ ಇಳಿದಳು.

"ಹತ್ರಿ, ಇವತ್ತು ನಮ್ಮ ಗದ್ದೆ ನಾಟಿ. ನಾಲೆ ನೀರು ಇವತ್ತೊಂದಿನ ಐತೆ."

"ನಾವ್ಯಾಕಜ್ಜಿ?"

ಅಜ್ಜಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. "ಯಾಕಂದ್ರೆ? ಮುಯ್ಯಾಳು. ನಿಮ್ಮ ಕೆಲಸಕ್ಕೆ ನಾವು ಹನ್ನೆರಡು ಬಂದ್ವಿ, ನಮ್ಮ ಕೆಲಸಕ್ಕೆ ನೀವು ಹನ್ನೆರಡು ಬರಬೇಕು. ಕೂಲಿ ಇಲ್ಲ ಅಂದ್ಮ್ಯಾಲೆ ಮತ್ತೇನು? ಬರಲ್ಲ ಅಂದ್ರೆ ಹೇಳ್ರಿ. ಆ ಗುಡ್ಡ ಹತ್ತಿ ಉರಿದ್ರೂ ನಮ್ಮೂರೋರು ತಿರುಗಿ ನೋಡಲ್ಲ."

ಒಂದು ಕಡೆ ಸಾಹೇಬರ ಜೀಪು ಊರು ಬಿಟ್ಟಾಗಿತ್ತು, ಇನ್ನೊಂದು ಕಡೆ ಟ್ರ್ಯಾಕ್ಟರ್ ಗುರ್ರೆನ್ನುತ್ತಿತ್ತು. ಕೆಲಸ ಹೋದರೆ ಹೋಗಲಿ, ಗುಡ್ಡ ಉಳಿಯಲಿ ಅಂದುಕೊಂಡೆ. ಆಫೀಸಿಗೆ ಬೀಗ ಹಾಕಿ ಎಲ್ಲರೂ ಹತ್ತಿದೆವು. ಒಬ್ಬ ಡ್ರೈವರ್ ರಜೆ, ಹನ್ನೊಂದು ಜನ.

ಕೆಸರಲ್ಲಿ ಬಗ್ಗಿ ಗಂಟೆಯಾಗಿರಬಹುದು, ಗುಡ್ಡದ ದಾರಿಯಲ್ಲಿ ಜೀಪು ನಿಂತ ಸದ್ದಾಯಿತು, ಬದುವಿನ ಮೇಲೆ ಹೊಳೆಯುವ ಬೂಟು ಕಂಡಿತು. ಸಾಹೇಬರು.

"ಆಫೀಸಿಗೆ ಬೀಗ ಹಾಕಿ ಇಲ್ಲೇನ್ರಿ ಮಾಡ್ತಿದೀರಿ?"

ಅಜ್ಜಿಯೇ ಸೊಂಟದ ಮೇಲೆ ಕೈಯಿಟ್ಟು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಬಂದ್ರಾ? ಒಂದಾಳು ಕಮ್ಮಿ ಐತಲ್ಲ ಅನ್ಕೊಂತಿದ್ದೆ. ಮುಯ್ಯಾಳು ಅಂದ್ಮ್ಯಾಲೆ ಹೊತ್ತಿಗೆ ಸರಿಯಾಗಿ ಬರಬೇಕ್ರಿ. ಆ ಬೂಟು ಬಿಚ್ರಿ." ಭತ್ತದ ಸಸಿಯ ಕಟ್ಟು ಅವರ ಎದೆಗೆ ಬಂದು ಬಿತ್ತು.

ಸಾಹೇಬರು ಕಟ್ಟನ್ನು ನೋಡಿದರು, ನನ್ನನ್ನು ನೋಡಿದರು, ದೂರದ ಗುಡ್ಡ ನೋಡಿದರು. ಗುಡ್ಡದ ಸುತ್ತ ಕೆಂಪು ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಬೂಟು ಬಿಚ್ಚಿ ಪ್ಯಾಂಟು ಮಡಿಸಿದರು.

ಸಂಜೆ ಕಾಲುವೆಯಲ್ಲಿ ಕಾಲು ತೊಳೆಯುವಾಗ ನಾನು ಧೈರ್ಯ ಮಾಡಿ ಕೇಳಿದೆ. "ಅಜ್ಜಿ, ಮುಯ್ಯಾಳು ತೀರ್ತಲ್ಲ?"

"ಎಲ್ಲಿ ತೀರ್ತು? ಈ ಸಾಹೇಬ್ರು ನೆಟ್ಟಿದ್ದನ್ನೆಲ್ಲ ಕಿತ್ತು ಮತ್ತೆ ನೆಡಾಕ ನಂದೇ ಒಂದು ಆಳು ಹಿಡೀತು. ಅದು ನಿಮ್ಮ ಮ್ಯಾಲೇ ಐತೆ."

ನಾನು ಕಣ್ಣು ಮುಚ್ಚಿಕೊಂಡೆ. ಸಾಹೇಬರು ಒದ್ದೆ ಕಾಲಿಗೆ ಬೂಟು ಏರಿಸುತ್ತಾ, ಸೊಂಟ ಹಿಡಿದುಕೊಂಡು, ನನ್ನ ಕಡೆ ತಿರುಗಿದರು.

"ನಿಮ್ಮ ಕಾರ್ಯಕ್ರಮ ಬಂದ್ ಮಾಡೋಕಂತಲೇ ಬಂದಿದ್ದೆ ಕಣ್ರಿ. ಈಗ ಹೆಂಗೆ ಮಾಡ್ಲಿ? ಇಲಾಖೆ ಒಂದು ಆಳು ಬಾಕಿ ಐತೆ."