ಸಿಂಗಳೀಕ ನೋಡಹೋದವರು

“ಕೂಗಿದ್ದು ನಾನಲ್ಲ ಕಣೋ ಮಾಬು, ನನ್ನ ಬಾಯಿ.”

“ಬಾಯಿ ಯಾರ್ದು?”

“ನಂದೇ. ಆದ್ರೆ ಅದು ನನ್ನ ಕೇಳಿ ಕೂಗ್ಲಿಲ್ಲ.”

ಕುದುರೆಮುಖದ ಕಾಡಿನೊಳಗೆ, ಕಾಡುಹಲಸಿನ ಮರದ ಬುಡದಲ್ಲಿ ನಡೆಯುತ್ತಿದ್ದ ವಿಚಾರಣೆ ಇದು. ಆರೋಪಿ ಅಮೃತಾಪುರದ ಚಿಕ್ಕಬೀರಪ್ಪ. ಬುದ್ಧಿ ಬಂದಾಗಿನಿಂದ ತೆಂಗಿನ ತೋಟದಲ್ಲಿ ಎಳನೀರು ಕದಿಯುವ ಕೋತಿಗಳನ್ನು ಓಡಿಸಿಕೊಂಡೇ ಬಂದವನು. ವಿಚಾರಣೆಗೆ ಕೂತವರು ಅವನ ಹಳೇ ಗೆಳೆಯ ಮಹಬೂಬ್ ಸಾಬ್, ಅಜ್ಜಂಪುರ–ತರೀಕೆರೆ ಬಸ್ಸಿನ ನಿವೃತ್ತ ಕಂಡಕ್ಟರು. ಬೆಳಗಿನಿಂದ ಕಾದು ಕಾದು ಕಣ್ಣು ಬತ್ತಿದ ಮೇಲೆ ಒಂದು ಸಿಂಗಳೀಕ ಎಲೆ ಸರಿಸಿ ಮುಖ ತೋರಿಸಿತ್ತು. ಸಾಬರು ಮೊಬೈಲು ಎತ್ತುವಷ್ಟರಲ್ಲಿ ಚಿಕ್ಕಬೀರಪ್ಪ ಟವೆಲ್ ಬೀಸಿ, ತೋಟದ ದನಿಯಲ್ಲಿ ‘ಹೊಹ್ಹೋಯ್’ ಅಂದಿದ್ದ. ಸಿಂಗಳೀಕ ಹೋಯಿತು. ಅದರ ಹಿಂದೆ ಆ ಗುಡ್ಡದ ಹಕ್ಕಿಗಳೂ ಹೋದವು.

“ಲೇ, ಊರ ಕೋತಿ ಬೇರೆ, ಇದು ಬೇರೆ. ಈ ಘಟ್ಟ ಬಿಟ್ರೆ ಪ್ರಪಂಚದಾಗೆ ಎಲ್ಲೂ ಇಲ್ಲ.”

“ಹಂಗಂತ ಅದ್ರ ಹಣೆ ಮೇಲೆ ಬರ್ದಿತ್ತಾ? ನಾನು ಕೈ ನೋಡ್ದೆ. ಕೈಯಾಗೆ ಕಾಯಿ ಇತ್ತು.”

“ಅದ್ರ ಕಾಡು ಕಣೋ. ಅದ್ರ ಕಾಯಿ.”

“ನಮ್ಮೂರ ಕೋತಿನೂ ಹಂಗೇ ತಿಳ್ಕೊಂಡಿರೋದು.”

ಸಾಬರಿಗೆ ನಗು ಬರಲಿಲ್ಲ. ಮೊಮ್ಮಗಳು ಮಹೆಕ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಅವಳ ಕ್ಲಾಸಿನವರೆಲ್ಲ ಇಲ್ಲಿಗೆ ಬಂದು ಹೋದರು. ಇವಳು ಮಾತ್ರ ಕಾಲು ಮುರಿದುಕೊಂಡು, ಗೋಡೆ ಕಡೆ ತಿರುಗಿ ಮಲಗಿದ್ದಳು. ‘ಅಳಬೇಡ ಬೇಟಾ, ಫೋಟೊ ನಾನು ತರ್ತೀನಿ’ ಎಂದು ಅವಳದೇ ಮೊಬೈಲು ಇಸಿದುಕೊಂಡು ಬಂದಿದ್ದರು. ಬರಿಗೈಯಲ್ಲಿ ಮನೆ ಮೆಟ್ಟಿಲು ಹತ್ತುವ ಧೈರ್ಯ ಅವರಿಗಿರಲಿಲ್ಲ.

“ನಿನ್ನ ಯಾಕಾದ್ರೂ ಕರ್ಕೊಂಡ್ ಬಂದ್ನೋ.”

“ಕೋತಿ ವಿಷ್ಯ ನಿಂಗೇ ಗೊತ್ತು, ನಡಿ ಅಂದೋನು ನೀನೇ.”

ದಾರಿ ತೋರಿಸಲು ಬಂದಿದ್ದ ಧನಪಾಲ್ ಇಬ್ಬರನ್ನೂ ನೋಡಿದ. ಅವನು ಅದಕ್ಕೂ ಮೊದಲು ಎಂಥೆಂಥವರನ್ನೋ ಕರೆತಂದಿದ್ದ.

“ಹಣ್ಣು ಇಲ್ಲೇ ಇದೆ, ಗುಂಪು ವಾಪಸ್ ಬಂದ್ರೂ ಬರ್ಬೋದು. ಆದ್ರೆ ಯಾರೂ ಉಸಿರೆತ್ತಬಾರ್ದು.”

“ಕೇಳ್ತೇನೋ ಬೀರಪ್ಪ? ಮನುಷ್ಯಂಗೆ ನಾಲಗೆ ಹಿಡಿತದಾಗೆ ಇರ್ಬೇಕು. ನನ್ನ ನೋಡು. ಬಸ್ಸಿಂದ ಇಳಿದ ದಿವ್ಸವೇ ಬಸ್ಸು ಮರ್ತೆ. ಮನೇಲಿ ಒಂದಿನಾನಾದ್ರೂ ಸೀಟಿ ಊದಿದ್ನಾ?”

“ಅದ್ನ ನಿನ್ ಹೆಂಡ್ತಿ ಖುರ್ಷಿದ್ ಬೇಗಂನ ಕೇಳ್ಬೇಕು.”

“ಹೆಂಗಸ್ರ ವಿಷ್ಯ ಇಲ್ಯಾಕೆ? ನೀನು ಬಾಯಿ ಮುಚ್ಚು.”

ಚಿಕ್ಕಬೀರಪ್ಪ ಗೆಳೆಯನ ಮಾತು ಮೀರುವವನಲ್ಲ. ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ಕೈಗಳ ಮೇಲೂ ನಂಬಿಕೆ ಸಾಲದೆ ಅವುಗಳ ಮೇಲೆ ಕೂತ.

ಬಿಸಿಲು ವಾಲುವ ಹೊತ್ತಿಗೆ ಎಲೆ ಅಲುಗಿತು. ಒಂದಲ್ಲ, ಇಡೀ ಸಂಸಾರ. ಕಪ್ಪು ಮೈ, ಮುಖದ ಸುತ್ತ ನರೆತ ಗಡ್ಡ, ಊರ ಹಿರಿಯರು ಪಂಚಾಯ್ತಿಗೆ ಬಂದ ಹಾಗೆ ಗಂಭೀರವಾಗಿ ಬಂದವು. ಮಹೆಕ್ ಇದನ್ನು ನೋಡಬೇಕಿತ್ತು ಅನ್ನಿಸಿ ಸಾಬರ ಕಣ್ಣು ಒದ್ದೆಯಾಯಿತು. ಮೊಬೈಲು ಎತ್ತಿದರು.

ಆದರೆ ಬಂದವೆಲ್ಲ ಕೊಂಬೆಯ ಒಂದೇ ತುದಿಯಲ್ಲಿ ಒತ್ತಿಕೊಂಡು ನಿಂತವು. ಒಂದರ ಬಾಲ ಹೊರಗೆ, ಇನ್ನೊಂದರ ಕಾಲು ಹೊರಗೆ. ಮರಿ ಅವುಚಿಕೊಂಡ ತಾಯಿಗೆ ಹತ್ತಲು ಜಾಗವಿಲ್ಲ. ಇತ್ತ ಕೊಂಬೆ ಪೂರ್ತಿ ಖಾಲಿ. ಸಾಬರು ಎಷ್ಟು ಹೊತ್ತು ಸಹಿಸಿಯಾರು? ಎಡಗೈ ತಾನಾಗಿ ಮೇಲೆದ್ದು ಮರದ ಬೊಡ್ಡೆಗೆ ಎರಡು ಏಟು ಹೊಡೆಯಿತು.

“ಒಳಗಡೆ ಹೋಗ್ರೀ ಒಳಗಡೆ. ಬಾಗ್ಲಾಗೆ ನಿಲ್ಬ್ಯಾಡ್ರಿ. ಮಗು ಇರೋ ತಾಯಿಗೆ ದಾರಿ ಬಿಡ್ರೀ.”

ಇಡೀ ಸಂಸಾರ ಕಾಡಿನ ಒಳಗಡೆ ಹೋಯಿತು. ಕೊಂಬೆ ಒಂದು ಸಲ ತೂಗಿ ನಿಂತಿತು. ಮೊಬೈಲಿನಲ್ಲಿ ಕೊಂಬೆ ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ಧನಪಾಲ್ ಸದ್ದಾಗದಿರಲೆಂದು ಬಿಚ್ಚಿಟ್ಟಿದ್ದ ಚಪ್ಪಲಿ ಹಾಕಿಕೊಂಡ. ಸಾಬರು ತಲೆ ಎತ್ತಲಿಲ್ಲ.

ಚಿಕ್ಕಬೀರಪ್ಪ ಬಾಯಿಂದ ಟವೆಲ್ ತೆಗೆದು, ನಿಧಾನಕ್ಕೆ ಕೊಡವಿ ಹೆಗಲಿಗೆ ಹಾಕಿಕೊಂಡ.

“ಬೇಜಾರಾಗ್ಬ್ಯಾಡ ಮಾಬು. ಸರ್ವೀಸು ಪೂರ್ತಿ ಇದೇ ಮಾತು ಹೇಳ್ದೆ. ಕೇಳಿದೋರು ಇವ್ರೇ ಮೊದ್ಲು.”